ಬಿಸಿಲಿಗೆ ಇಡದ ಮೀಟರ್

ಮೊನ್ನೆ ಸೇಡಂ ರಸ್ತೆಯಲ್ಲಿ ಹಣ್ಣಿನ ಬಂಡಿಯವನು ಕೆಂಪು ಬಾಳೆಯ ಮೇಲಿನ ಗೋಣಿಚೀಲ ಎತ್ತಿದ. ಮಾಗಿದ ಹಣ್ಣಿನ ಆ ದಟ್ಟ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಉಸಿರು ಬಿಗಿಹಿಡಿದು ರಸ್ತೆಯ ನಡುವಿಗೆ ಸರಿದುಬಿಟ್ಟೆ. ಆಟೋದವನೊಬ್ಬ ಬೈದು ಹೋದ.

ವರ್ಷಗಳ ಹಿಂದೆ ಕಮಲಾಪುರದಲ್ಲಿ ಬಾಳೆ ಮಾಗಿಸುವ ಕೋಣೆ ನೋಡಿಕೊಳ್ಳುತ್ತಿದ್ದ, ಎಲ್ಲರೂ ಚಾಚಾ ಎನ್ನುತ್ತಿದ್ದ ಮುದುಕರು... ಮಾಗುವ ಕಾಯಿಯೂ ಉಸಿರಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಮಿತಿಮೀರಿದರೆ ಒಳಹೊಕ್ಕವರ ಉಸಿರುಗಟ್ಟಿಸುತ್ತದೆ. ಅದನ್ನು ಅಳೆಯುವ ಮೀಟರನ್ನು ಸರಿಹೊಂದಿಸಲು ಕಲಬುರಗಿಯಿಂದ ಹೋಗುತ್ತಿದ್ದವನು ನಾನು. ಡಿಗ್ರಿ ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಚಾಚಾರದು ಹಳೆಯ ಪದ್ಧತಿ: ಒಳಗಿನ ಗಾಳಿ ಹೊರಹೋಗಲೆಂದು ಬಾಗಿಲು ತೆರೆದಿಟ್ಟು, ಹೊರಗೆ ಕೂತು ಬಸಿಯಲ್ಲಿ ಎರಡು ಸಲ ಚಹಾ ಹುಯ್ದು ಕುಡಿದ ಮೇಲೆಯೇ ಒಳಗೆ ಕಾಲಿಡುವುದು.

ಆ ದಿನಕ್ಕೆ ಗಾಳಿ ಹೊರದಬ್ಬುವ ಫ್ಯಾನು ಕೆಟ್ಟು ಎರಡು ದಿನವಾಗಿತ್ತು. ಮೀಟರನ್ನು ಬಯಲ ಗಾಳಿಯಲ್ಲಿ ಅರ್ಧ ಗಂಟೆ ಇಟ್ಟು, ಇದೇ ಶುದ್ಧ ಗಾಳಿ ಎಂದು ಗುರುತು ಮಾಡಿಸಬೇಕು. ಏಪ್ರಿಲ್ ಬಿಸಿಲು. ಅಂಗಳದಲ್ಲಿ ಅದರ ಪರದೆ ಕಾದು ಕಪ್ಪಗಾಯಿತು, ಮುಟ್ಟಿದರೆ ಕೈ ಸುಡುತ್ತಿತ್ತು. ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದು, ಒಳಗಿನ ತಂಪಿನಲ್ಲಿ ಇಟ್ಟೆ. ಅಲ್ಲೇ ಗುಂಡಿ ಒತ್ತಿದೆ. ಕೆಟ್ಟ ಗಾಳಿಯನ್ನೇ ಒಳ್ಳೆಯದೆಂದು ಅದಕ್ಕೆ ಕಲಿಸಿದೆ...

"ಏನಂತದೋ ಇಂಜಿನಿಯರ್ ಸಾಬ್, ನಿನ್ನ ಡಬ್ಬಿ?"

"ಗಾಳಿ ಛಲೋ ಅದ ಚಾಚಾ. ನೀವು ಚಹಾ ಕುಡ್ಕೋತ ಕುಂತ್ರ ಸಂಜೀನೇ ಆಗ್ತದ."

"ನಮ್ಮ ಚಹಾಕ್ಕೂ ಕಲ್ಲ ಹಾಕ್ದಿ ನೋಡು," ಎಂದು ನಕ್ಕು, ಬಾಗಿಲು ಪೂರ್ತಿ ಎಳೆದು ತೆರೆದು, ಮುಚ್ಚದಂತೆ ಅದಕ್ಕೊಂದು ಕಲ್ಲು ಒತ್ತಿಟ್ಟರು.

ನಾನೇ ಮುಂದೆ ಹೋದೆ. ಹಿಂದಿನ ಸಾಲಿನ ಕ್ರೇಟುಗಳ ಬಳಿ ಬಗ್ಗಿದೆ. ತಲೆಯೊಳಗೆ ಸುತ್ತಿಗೆ ಬಿದ್ದಂತಾಯಿತು. ಕ್ರೇಟುಗಳು ಮೈಮೇಲೆ ಉರುಳಿದವು. ಆಮೇಲೆ ಕೂದಲಿಗೆ ಒಂದು ಕೈ ಬಿತ್ತು. ಚಾಚಾ ಎಳೆಯುತ್ತಿದ್ದರು, ಕೆನ್ನೆಗೆ ಬಾರಿಸುತ್ತಿದ್ದರು, "ಏಳೋ ಹರಾಮಿ, ಏಳು" ಎನ್ನುತ್ತ ಪಕ್ಕೆಗೆ ಒದೆಯುತ್ತಿದ್ದರು. ಬಾಗಿಲ ಬಳಿ ಎರಡೂ ಕೈಯಿಂದ ನನ್ನನ್ನು ಹೊರಗೆ ನೂಕಿದರು. ಬಾಯಿ ಸಿಮೆಂಟಿಗೆ ಅಪ್ಪಳಿಸಿ ಹಲ್ಲು ಮುರಿದವು. ನನ್ನ ಕಾಲು ತಾಗಿ ಕಲ್ಲು ಸರಿಯಿತು; ಆ ದಪ್ಪ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡು, ಹೊರಗಿನ ಹಿಡಿಕೆ ಕಚ್ಚಿಕೊಂಡಿತು.

ಒಳಗಿನಿಂದ ಒದೆತ. ಇನ್ನೊಂದು. ರಕ್ತ ಉಗುಳುತ್ತ ತೆವಳಿದೆ. ಮೂರೇ ಮೊಳ ದೂರ, ಕಾಲು ನನ್ನವಾಗಿರಲಿಲ್ಲ. ಮೂರನೆಯ ಒದೆತ ಮೆತ್ತಗಿತ್ತು... ಹಿಡಿಕೆ ಸಿಗುವಷ್ಟರಲ್ಲಿ ಸದ್ದು ನಿಂತಿತ್ತು. ಬಾಗಿಲು ಎಳೆದರೆ ಅವರು ನನ್ನ ಮೇಲೆಯೇ ಬಿದ್ದರು. ಎದೆ ಒತ್ತಿದೆ, ಮುಷ್ಟಿಯಿಂದ ಗುದ್ದಿದೆ. ನನ್ನ ಬಾಯಿಯ ರಕ್ತ ಅವರ ಬಿಳಿ ಗಡ್ಡದ ತುಂಬ... ಅವರು ಉಸಿರಾಡಲಿಲ್ಲ.

ಮೂರನೆಯ ದಿನ ಅವರ ಹೆಂಡತಿ, ಚಾಚಿ, ಕೇಳಿದರು: "ಡಬ್ಬಿ ಕೆಟ್ಟಿತ್ತಂತಾರ. ಖರೇನಪ್ಪಾ?"

"ಹೌದ್ರಿ," ಎಂದೆ.

ನನ್ನ ಊದಿದ ತುಟಿ ನೋಡಿ, "ನೀನರ ಉಳದಿ," ಎಂದು ಗಂಜಿ ಆರಿಸಿ ಕುಡಿಸಿದರು.

ಡಬ್ಬಿ ಕೆಟ್ಟಿರಲಿಲ್ಲ. ಮೊನ್ನೆ ಬಂಡಿಯ ಆ ವಾಸನೆ ಬಡಿದ ಮರುದಿನ, ಅದನ್ನು ಹೇಳಬೇಕೆಂದೇ ಕಮಲಾಪುರಕ್ಕೆ ಹೋದೆ. ಚಾಚಿಗೆ ಈಗ ಕಣ್ಣು ಮಂಜು. ದನಿಯಿಂದಲೇ ಗುರುತಿಸಿ ಊಟಕ್ಕೆ ಕೂರಿಸಿದರು. ಉಂಡು, ಕೈ ತೊಳೆದು, ಬಸ್ಸು ಹತ್ತಿ ಬಂದೆ.