ಬ್ರೇಕ್ ಒತ್ತಿದಾಗ ನಡುಗಿದ್ದು

ನಮ್ಮ ಕಾರು ಬ್ರೇಕ್ ಒತ್ತಿದಾಗ ನಡುಗಲು ಶುರುವಾದದ್ದು ಕಬ್ಬಿನ ಹಂಗಾಮು ಮುಗಿಯುತ್ತಿದ್ದ ದಿನಗಳಲ್ಲಿ. ಊರೊಳಗೆ ನಿಧಾನವಾಗಿ ಹೋಗುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಚಿಕ್ಕೋಡಿ ರಸ್ತೆಯಲ್ಲಿ ವೇಗ ಹಿಡಿದ ಮೇಲೆ, ಎದುರಿಗೆ ಟ್ರ್ಯಾಕ್ಟರ್ ಬಂತೆಂದು ಬ್ರೇಕ್ ಹಾಕಿದರೆ ಸ್ಟೇರಿಂಗ್ ಗಡಗಡ ಅಲುಗುತ್ತಿತ್ತು. ಹಿಂದೆ ಕೂತ ನನಗೆ ಕಾಣುತ್ತಿದ್ದದ್ದು ಅದನ್ನು ಹಿಡಿದ ಕೈಗಳು ಮಾತ್ರ.

ರಾಯಬಾಗದಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಡ್ರೈವರ್ ಹತ್ತಿರದ ದಿಗ್ಗೇವಾಡಿ ಎಂಬ ಹಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಹನ್ನೊಂದು ವರ್ಷ ನಮ್ಮ ಗಾಡಿ ಓಡಿಸಿದ್ದರು, ಮನೆಯವರಿಗೆಲ್ಲ ಕಾಕಾ. ನನ್ನ ತಾಯಿಯ ಕೊನೆಯ ವರ್ಷದಲ್ಲಿ ಆಕೆಯನ್ನು ಮಿರಜಿನ ದವಾಖಾನೆಗೆ ಕರೆದೊಯ್ದು ಕರೆತರುತ್ತಿದ್ದವರು ಅವರೇ. ಕಾಕಾ ಇದ್ದರೆ ತಗ್ಗು ದಿನ್ನೆ ಗೊತ್ತಾಗುವುದಿಲ್ಲ ಎಂದು ಅವ್ವ ಅನ್ನುತ್ತಿದ್ದಳು.

"ಸಾವಕಾರ್ರ, ಗಾಡಿದಾಗ ಏನೋ ಆಗೇತ್ರಿ. ಮುಂದಿನ ಗಾಲಿ ಬಿಚ್ಚಿಸಿ ನೋಡೂನು" ಎಂದು ಅವರು ಎರಡು ಸಲ ಹೇಳಿದರು. ಚಿಕ್ಕೋಡಿಯ ಟೈರ್ ಅಂಗಡಿಯಲ್ಲಿ ಗಾಲಿಗಳನ್ನು ಬ್ಯಾಲೆನ್ಸ್ ಮಾಡಿಸಿದೆ. ಟೈರಿನಲ್ಲಿ ಏನೂ ಇಲ್ಲ ಅಂದರು. ನಡುಕ ಹಾಗೇ ಇತ್ತು. ಆಗ ನಾನು ಗಾಡಿಯನ್ನು ಬಿಟ್ಟು ಅವರ ಕೈಗಳನ್ನು ಅನುಮಾನಿಸತೊಡಗಿದೆ. ಒಮ್ಮೆಯೂ ಸ್ಟೇರಿಂಗ್ ಹಿಡಿದು ನಾನೇ ನೋಡಲಿಲ್ಲ. ನೋಡಲು ಮನಸ್ಸಿರಲಿಲ್ಲ ಎಂಬುದೇ ಸರಿ.

ಒಂದು ಸಂತೆಯ ದಿನ, ಅಂಗಡಿಯ ಪಕ್ಕದ ಹೋಟೆಲಿನ ಮುಂದೆ ಏಳೆಂಟು ಗಿರಾಕಿಗಳ ಜೊತೆ ಕೂತಿದ್ದೆ. ಕಾಕಾ ಗಾಡಿ ನಿಲ್ಲಿಸಿ ಬಂದು, "ಇವತ್ತ ಭಾಳ ಅಲಗಾಡ್ತ್ರಿ" ಅಂದರು.

"ಗಾಡಿ ಅಲಗಾಡ್ತೋ, ನೀ ಅಲಗಾಡ್ದ್ಯೋ?" ಎಂದೆ. ಅಲ್ಲಿಯತನಕ ಅವರಿಗೆ ಏಕವಚನ ಬಳಸಿದವನಲ್ಲ. "ಕೈ ಚಾಚು ನೋಡೂನು."

ಅವರಿಗೆ ಅರ್ಥವಾಗಲಿಲ್ಲ. ಚಾಚಿದರು. ತುಂಬಿದ ಚಹಾದ ಲೋಟವನ್ನು ಅವರ ಅಂಗೈ ಮೇಲಿಟ್ಟೆ. ಎಲ್ಲರೂ ನೋಡುತ್ತಿದ್ದರು. ಲೋಟ ಬಿಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಯಾರ ಕೈಯಾದರೂ ನಡುಗುತ್ತದೆ. ಚಹಾ ತುಳುಕಿ ಅವರ ಮಣಿಕಟ್ಟಿನ ಮೇಲೆ ಹರಿಯಿತು. ಯಾರೋ ನಕ್ಕರು. ಮೊದಲು ನಕ್ಕವನು ನಾನೇ ಇರಬೇಕು.

"ಆತಲ್ಲ? ಮನಿಗೆ ಹೋಗು. ಯಾರದರ ಜೀವಾ ತಗೀತಿ" ಎಂದೆ.

ಅವರು ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಜೇಬಿನಿಂದ ಕೀಲಿ ತೆಗೆದು ಅದರ ಪಕ್ಕದಲ್ಲಿಟ್ಟು ನಡೆದು ಹೋದರು.

ಮರುದಿನ ನಾನೇ ಗಾಡಿ ತೆಗೆದೆ. ಊರು ದಾಟಿ ಮೊದಲ ಸಲ ಜೋರಾಗಿ ಬ್ರೇಕ್ ಹಾಕಿದಾಗ ಸ್ಟೇರಿಂಗ್ ನನ್ನ ಕೈಯಲ್ಲಿ ಅದೇ ರೀತಿ ಗಡಗಡ ಅಲುಗಿತು. ಹಾಗೆಯೇ ನಾಲ್ಕು ವಾರ ಓಡಿಸಿದೆ, ಯಾರಿಗೂ ಹೇಳಲಿಲ್ಲ. ಕಡೆಗೆ ಒಂದು ತಿರುವಿನಲ್ಲಿ ಕೈ ತಪ್ಪುವಂತಾಗಿ ಹೆದರಿ, ನಿಪ್ಪಾಣಿಯ ಗ್ಯಾರೇಜಿನ ಮಿಸ್ತ್ರಿಯ ಹತ್ತಿರ ಹೋದೆ. ಸರ್ವಿಸಿಂಗಿಗೆ ಕಾಕಾ ಯಾವಾಗಲೂ ಒಯ್ಯುತ್ತಿದ್ದದ್ದು ಅವನ ಹತ್ತಿರವೇ.

"ಕಾಕಾ ಬಂದಿಲ್ಲೇನ್ರಿ?" ಎಂದು ಕೇಳಿದ.

"ಬಿಟ್ಟಾರ" ಎಂದೆ.

ಅವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೈವೇಗೆ ಹೋದ. ವೇಗ ಹಿಡಿದು ಬ್ರೇಕ್ ಒತ್ತಿದ, ನಡುಗಿತು. ಕಾಲು ತೆಗೆದ, ನಿಂತಿತು. ಹಿಂದೆ ಮುಂದೆ ಯಾರೂ ಇಲ್ಲದಾಗ, ಹಿಂದಿನ ಗಾಲಿಗಳನ್ನಷ್ಟೇ ಹಿಡಿಯುವ ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆದ, ಏನೂ ಆಗಲಿಲ್ಲ. "ಹಿಂದಿನ ಗಾಲಿ ಬರೋಬರ್ ಅದಾವ್ರಿ. ಮುಂದಿನ ಬ್ರೇಕ್ ಡಿಸ್ಕ್ ಸೊಟ್ಟ ಆಗೇತಿ" ಅಂದ. ಗ್ಯಾರೇಜಿನಲ್ಲಿ ಜ್ಯಾಕ್ ಹಚ್ಚಿ ಗಾಲಿ ಬಿಚ್ಚಿದ. ಗಡಿಯಾರದಂಥ ಮೀಟರೊಂದನ್ನು ಡಿಸ್ಕಿನ ಉಕ್ಕಿನ ತಟ್ಟೆಗೆ ತಾಗಿಸಿ ಕೈಯಿಂದ ಡಿಸ್ಕ್ ತಿರುಗಿಸಿದ. ಪ್ರತಿ ಸುತ್ತಿನಲ್ಲೂ ಮುಳ್ಳು ಒಂದೇ ಕಡೆ ಜಿಗಿಯಿತು.

"ಡಿಸ್ಕ್ ಕಾದಾಗ ಯಾರರ ನೀರು ಹೊಡದಾರೇನ್ರಿ? ಕಾಕಾ ಅಂತೂ ಹಂಗ ಮಾಡೂದಿಲ್ಲ."

ಹೊಡೆದಿದ್ದೆ. ಎರಡು ತಿಂಗಳ ಹಿಂದೆ ಬೀಗರನ್ನು ಕೂರಿಸಿಕೊಂಡು, ಕಾಕಾ ಪಕ್ಕದಲ್ಲಿದ್ದರೂ ಜಂಬಕ್ಕೆ ನಾನೇ ಗಾಡಿ ಓಡಿಸುತ್ತ ಬಂದಿದ್ದೆ. ಘಾಟ್ ಇಳಿಯುವ ತನಕ ಬ್ರೇಕ್ ಮೇಲಿಂದ ಕಾಲು ತೆಗೆದಿರಲಿಲ್ಲ. ಕೆಳಗೆ ಒಂದು ಧಾಬಾದ ಮುಂದೆ ನಿಲ್ಲಿಸಿ, ಗಾಲಿಗೆ ಪೈಪಿನಿಂದ ನೀರು ಬಿಟ್ಟಾಗ ಹಬೆ ಎದ್ದಿತು. "ಗಾಲಿ ಕಾದಾವ್ರಿ, ಅರ್ಧಾ ತಾಸು ಬಿಡ್ರಿ" ಎಂದಿದ್ದರು ಕಾಕಾ, ಬೀಗರ ಎದುರಿಗೇ. "ನನಗ ಕಲಿಸಬ್ಯಾಡ್ರಿ" ಎಂದು ಇನ್ನಷ್ಟು ನೀರು ಬಿಟ್ಟಿದ್ದೆ. ಅವತ್ತಿನಿಂದ ಅವರ ಮೇಲೆ ಸಿಟ್ಟು ಇತ್ತು.

ಮಿಸ್ತ್ರಿಗೆ "ಗೊತ್ತಿಲ್ಲ" ಎಂದೆ. ಅವನು ಡಿಸ್ಕ್ ಕೂರುವ ಜಾಗದ ತುಕ್ಕು ಕೆರೆದು, ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದ. ನಡುಕ ಹೋಯಿತು.

ಆ ವಾರವೇ ದಿಗ್ಗೇವಾಡಿಗೆ ಹೋದೆ. ಕಾಕಾ ಎಮ್ಮೆಗಳಿಗೆ ಮೇವು ಹಾಕುತ್ತಿದ್ದರು.

"ಆದದ್ದಾತು ಕಾಕಾ, ನಾಳಿಂದ ಕೆಲಸಕ್ಕ ಬರ್ರಿ."

"ಗಾಡಿದು ಏನಾಗಿತ್ರಿ?"

"ಏನೋ ಟೈರಿಂದು."

ಅವರು ಮೇವಿನ ಸಿವುಡು ಕೆಳಗಿಟ್ಟರು. "ಡಿಸ್ಕ್ ಅಂತಲ್ರಿ. ಮಿಸ್ತ್ರಿ ಫೋನ್ ಮಾಡಿದ್ದ."

ನಾನು ಎಮ್ಮೆಗಳ ಕಡೆ ನೋಡಿದೆ.

"ನೌಕರಿ ಕೇಳಾಕ ಇಬ್ಬರ ಮನಿಗೆ ಹೋಗಿದ್ನಿರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಬ್ಬರೂ ಕೈ ಚಾಚು ಅಂದ್ರು. ನಿಮ್ಮ ಕೆಲಸ ನನಗ ಬ್ಯಾಡ್ರಿ. ಸಂತಿ ದಿವಸ ಬರ್ತೀನಿ. ಅದ ಹೋಟೆಲ್ ಮುಂದ, ಆ ಮಂದಿ ಎದುರಿಗೆ, ತಪ್ಪು ಗಾಡಿದಿತ್ತು ಅಂತ ಒಂದ ಮಾತು ಹೇಳ್ರಿ. ಅಷ್ಟ ಸಾಕು."

"ಹೇಳ್ತೀನಿ" ಎಂದೆ.

ಸಂತೆಯ ದಿನ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಟೆಲಿನ ಮುಂದೆ ನಿಂತಿದ್ದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತ ನನಗೆ ಕಾಣುತ್ತಿತ್ತು. ಬೆಂಚಿನ ಮೇಲೆ ಅದೇ ಮಂದಿ. ಹೋಗಿ ಹೇಳಿದ್ದರೆ ಎರಡು ನಿಮಿಷದ ಕೆಲಸ. ಎದ್ದೆ. ಎದ್ದು, ಗೋದಾಮಿನ ಹಿಂದಿನ ಬಾಗಿಲಿನಿಂದ ಹೊರಬಿದ್ದು ಮನೆಗೆ ಹೋದೆ. ಅವರು ಮಧ್ಯಾಹ್ನದ ತನಕ ನಿಂತಿದ್ದರಂತೆ. ಯಾಕೆ ನಿಂತಿದ್ದೀಯೆಂದು ಯಾರೋ ಕೇಳಿದ್ದಕ್ಕೆ "ಸಾವಕಾರ್ರು ಬರಾವ್ರದಾರ" ಅಂದರಂತೆ. ಮುಂದಿನ ಸಂತೆಗೂ ಬಂದರು. ನಾನು ಆ ದಿನ ಅಂಗಡಿ ತೆರೆಯಲೇ ಇಲ್ಲ. ಆಮೇಲೆ ಅವರು ಬರಲಿಲ್ಲ.

ಕಳೆದ ತಿಂಗಳು ಚಿಂಚಲಿಯಿಂದ ಬರುವಾಗ ರಸ್ತೆಯ ತುಂಬ ಎಮ್ಮೆಗಳು ಅಡ್ಡ ಬಂದವು. ನನ್ನ ಹೊಸ ಡ್ರೈವರ್ ಬಿಡದೆ ಹಾರ್ನ್ ಹೊಡೆದ. ಎಮ್ಮೆಗಳ ಹಿಂದಿದ್ದವರು ಕಾಕಾ. ಅವರು ಕಾರನ್ನು ಗುರುತಿಸಿದರು, ನನ್ನನ್ನೂ ನೋಡಿದರು. ಆಮೇಲೆ ಒಂದೊಂದೇ ಎಮ್ಮೆಯನ್ನು ಬದಿಗೆ ಸರಿಸಿ ನಮಗೆ ದಾರಿ ಬಿಟ್ಟರು.

"ನಡಿ" ಎಂದೆ ಡ್ರೈವರಿಗೆ.