ಅದು ಬಿಡಿ ಡಾಕ್ಟರು

ಹಲ್ಲಿನ ಡಾಕ್ಟರಿಗೆ ಊರವರು ‘ಅದು ಬಿಡಿ ಡಾಕ್ಟರು’ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ ಎಂಬುದು ಅವರ ಕ್ಲಿನಿಕ್ಕಿನ ನರ್ಸಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ನೋವು ಎಲ್ಲಿ ಎಂದು ಕೇಳುವ ಮೊದಲೇ, “ಬಸವನಹುಳುಗೆ ಸಾವಿರಾರು ಹಲ್ಲು, ಗೊತ್ತಾ ತಾಯಿ?” ಎನ್ನುತ್ತಿದ್ದರು. “ಅದು ಬಿಡಿ, ಆನೆಗೆ ದವಡೆ ಹಲ್ಲು ಆರು ಸಲ ಬರುತ್ತೆ. ಅದೂ ಬಿಡಿ, ಜಿರಾಫೆ ಕತ್ತಲ್ಲಿರೋದು ನಮ್ಮ ಹಾಗೇ ಏಳೇ ಮೂಳೆ!” ಕೇಳಿದವರು ಬೆಚ್ಚಿ ಬಾಯಿ ಬಿಡಬೇಕು, ಅಷ್ಟರಲ್ಲಿ ಹಲ್ಲು ಇಕ್ಕಳದಲ್ಲಿರಬೇಕು. ನೋವು ಮರೆಸಲು ಎಂಥ ಉಪಾಯ ಎಂದು ನರ್ಸಮ್ಮ ಒಳಗೊಳಗೇ ಮೆಚ್ಚಿಕೊಂಡಿದ್ದಳು, ತನ್ನದೇ ದವಡೆ ಊದಿ ಆ ಕುರ್ಚಿಯಲ್ಲಿ ಮಲಗುವವರೆಗೆ. “ಬಸವನಹುಳುಗೆ...” ಎಂದು ಅವರು ಶುರು ಮಾಡಿದ್ದೇ ತಡ, “ಸಾರ್, ನಿಮ್ಮ ಹುಳ, ಆನೆ, ಜಿರಾಫೆ ಎಲ್ಲಾ ನಂಗೆ ಬಾಯಿಪಾಠ. ಸುಮ್ನೆ ಕಿತ್ತುಬಿಡಿ,” ಎಂದಳು. ಇಕ್ಕಳ ಹಿಡಿದ ಡಾಕ್ಟರ ಕೈ ಗಡಗಡ ನಡುಗತೊಡಗಿತು, ಹಣೆಯಿಂದ ಬೆವರು ಕಿತ್ತುಕೊಂಡು ಬಂತು. ನರ್ಸಮ್ಮ ಅರ್ಧ ಎದ್ದು ಕೂತಳು. “ಏನಾಯ್ತು ಸಾರ್?” “ರಕ್ತ ಕಂಡ್ರೆ ಭಯ ಕಣಮ್ಮಾ,” ಎಂದರು ಮೆಲ್ಲಗೆ, “ಕಾಲೇಜಲ್ಲಿ ಓದುವಾಗಿಂದ್ಲೂ.” ಅಯ್ಯೋ ದೇವರೇ! ಇಷ್ಟು ವರ್ಷ ಆ ಮಾತೆಲ್ಲ ಈ ಮನುಷ್ಯ ತನಗೇ ಕೊಟ್ಟುಕೊಳ್ಳುತ್ತಿದ್ದ ಇಂಜೆಕ್ಷನ್ನೇ? ಅವಳು ದಂಗಾಗಿ ಅವರ ಮುಖವನ್ನೇ ನೋಡಿದಳು. ಹಲ್ಲುನೋವು ಎತ್ತ ಹೋಯಿತೋ ತಿಳಿಯಲಿಲ್ಲ. ಕೊನೆಗೆ, ಉತ್ತರ ಗೊತ್ತಿದ್ದೂ ಕೇಳಿದಳು: “ಸಾರ್, ಆಕ್ಟೋಪಸ್ ರಕ್ತ ಯಾವ ಬಣ್ಣ?” “ನೀಲಿ,” ಎಂದರು ಡಾಕ್ಟರು. ಕೈ ನಡುಕ ನಿಂತಿತು. ಅವಳು ಬಾಯಿ ತೆರೆದಳು.