ನಲವತ್ತೊಂದು ಗಾಡಿಗಳಿಗೆ ಕೆಲಸ

ಬೀದಿಯವರೆಲ್ಲ ಅವರನ್ನು ಜನರಲ್ ಎಂದೇ ಕರೆಯುತ್ತಿದ್ದರು. ಜನರಲ್ ಒಂದು ದಿನವೂ ಸೈನ್ಯದಲ್ಲಿ ಇದ್ದವರಲ್ಲ. ಮೂವತ್ತೆರಡು ವರ್ಷ ನೀರಿನ ಇಲಾಖೆಯಲ್ಲಿ ಮನೆಮನೆಗೆ ಹೋಗಿ ಮೀಟರ್ ಓದಿ ನಿವೃತ್ತರಾದವರು. ಆ ಸೇವೆಯಲ್ಲಿ ಅವರು ಎದುರಿಸಿದ ಶತ್ರುಗಳೆಂದರೆ ಗೇಟಿನೊಳಗಿನ ನಾಯಿಗಳು; ಅವುಗಳ ಮುಂದೆಯೂ ಅವರು ಹೆಚ್ಚಾಗಿ ಹಿಂದಕ್ಕೆ ಸರಿದೇ ಗೆದ್ದಿದ್ದರು.

ಬಿರುದು ಬಂದದ್ದು ನಡುಮನೆಯ ಗಾಜಿನ ಬೀರುವಿನಿಂದ. ಅದರೊಳಗೆ ನಲವತ್ತೊಂದು ಪುಟಾಣಿ ಸೇನಾ ವಾಹನಗಳು, ಅಂದರೆ ಟ್ಯಾಂಕು, ಜೀಪು, ಲಾರಿ, ಆಂಬುಲೆನ್ಸು ಎಲ್ಲ, ಕವಾಯತಿಗೆ ನಿಂತಂತೆ ನಿಂತಿದ್ದವು. ಪೆಟ್ಟಿಗೆಯಲ್ಲಿ ಪ್ಲಾಸ್ಟಿಕ್ ಚೂರುಗಳಾಗಿ ಬಂದ ಅವನ್ನು ಜನರಲ್ ಚಿಮಟದಲ್ಲಿ ಹಿಡಿದು, ಅಂಟು ಹಾಕಿ, ಮೂರೇ ಕೂದಲಿನ ಕುಂಚದಲ್ಲಿ ಬಣ್ಣ ಬಳಿದು ಗಾಡಿ ಮಾಡಿದ್ದರು. ಬೀರುವನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮೊಳೆಗೆ ನೇತುಹಾಕಿದ ಅದರ ಕೀಲಿಕೈಯತ್ತ ಯಾರಾದರೂ ನೋಡಿದರೂ ಜನರಲ್ ಅವರ ಗಂಟಲು ತಾನಾಗಿ ಕೆಮ್ಮುತ್ತಿತ್ತು.

ಮನೆಯ ಇನ್ನೊಂದು ಸಾಮ್ರಾಜ್ಯ ಕಿಟಕಿ ಪಕ್ಕದ ಉದ್ದ ಮೇಜು. ಅದು ಹೆಂಡತಿಯದು. ಅವರು ದರ್ಜಿ. ಅವರ ಮಂಡಿ ಮೂರನೇ ಮಹಡಿಯ ಮೆಟ್ಟಿಲಿಗೆ ಸೋತ ಮೇಲೆ, ನೆಲಮಹಡಿಯಲ್ಲಿ ಎರಡೇ ಕೋಣೆಯ ಒಂದು ಮನೆ ಗೊತ್ತಾಯಿತು. ಹೊಲಿಗೆ ಮೇಜು ಅದರೊಳಗೆ ಹಿಡಿಸಿತು. ಬೀರು ಹಿಡಿಸಲಿಲ್ಲ.

"ಬೀರು ಹೋಗ್ಲಿ ಬಿಡೇ. ಗಾಡಿಗಳನ್ನ ಎಲ್ಲಾದ್ರೂ ಹೊಂದಿಸ್ತೀನಿ" ಎಂದರು ಜನರಲ್.

"ಎಲ್ಲಾದ್ರೂ ಅಂದ್ರೆ ಎಲ್ಲಿ? ನನ್ನ ತಲೆ ಮೇಲಾ? ನೋಡಿ, ಆ ಮನೆಗೆ ಕೆಲಸ ಮಾಡೋ ಸಾಮಾನು ಮಾತ್ರ ಬರುತ್ತೆ. ಸುಮ್ನೆ ಕೂತ್ಕೊಂಡು ಧೂಳು ತಿನ್ನೋದೊಂದೂ ಬೇಡ."

"ನಾನೂ ಸುಮ್ನೆ ಕೂತ್ಕೊಂಡೇ ಇದೀನಲ್ಲ."

"ನಿಮ್ಮ ವಿಷಯ ಆಮೇಲೆ ನೋಡೋಣ ರೀ."

ಮನೆ ಬದಲಿಸುವ ಲಾರಿ ಬರುವುದಕ್ಕೆ ಹತ್ತು ದಿನ ಇತ್ತು. ಅಷ್ಟರೊಳಗೆ ನಲವತ್ತೊಂದು ಗಾಡಿಗಳಿಗೂ ಉದ್ಯೋಗ ಸಿಗಬೇಕು, ಸಿಗದವು ಗುಜರಿಗೆ. ಜನರಲ್ ಆ ಮಧ್ಯಾಹ್ನ ಊಟ ಬಿಟ್ಟರು. ಸಂಜೆಯ ಹೊತ್ತಿಗೆ ಹಸಿವಾಗಿ ಎರಡು ಊಟ ಒಟ್ಟಿಗೆ ಮಾಡಿ, ಕಾಗದ ಪೆನ್ನು ಹಿಡಿದು ಕೂತರು.

ಮೊದಲು ನೀರಲ್ಲೂ ನೆಲದಲ್ಲೂ ಓಡುವ ಗಾಡಿಗೆ ಬಚ್ಚಲಿನಲ್ಲಿ ಸೋಪು ಹೊರುವ ಕೆಲಸ ಬಿತ್ತು. ಆರು ಕೊಳವೆಯ ರಾಕೆಟ್ ಲಾರಿಯಲ್ಲಿ ಹಲ್ಲುಜ್ಜುವ ಬ್ರಷ್ಷುಗಳು ಆಕಾಶಕ್ಕೆ ಗುರಿಯಿಟ್ಟು ನಿಂತವು. ಆಂಬುಲೆನ್ಸಿನ ಹಿಂಬಾಗಿಲು ತೆರೆದರೆ ಹೆಂಡತಿಯ ಮಂಡಿನೋವಿನ ಮಾತ್ರೆ. ಸಾಮಾನು ಸಾಗಿಸುವ ಲಾರಿಯಲ್ಲಿ ಉಪ್ಪು ಮತ್ತು ಮೆಣಸಿನಪುಡಿಯ ಡಬ್ಬಿಗಳು ಅಕ್ಕಪಕ್ಕ ಪ್ರಯಾಣ ಹೊರಟವು. ಸೇತುವೆ ಹಾಸುವ ಗಾಡಿಯ ಮೇಲೆ ಮೊಬೈಲನ್ನು ಒರಗಿಸಬಹುದಿತ್ತು. ಟ್ಯಾಂಕನ್ನು ಹೊತ್ತೊಯ್ಯುವ ಹದಿನಾರು ಚಕ್ರದ ಟ್ರೇಲರ್ ಮೇಲೆ ಟೀವಿ ರಿಮೋಟು ಅಳೆದು ಹೊಲಿಸಿದ ಹಾಗೆ ಕೂತಿತು. ಏಳು ಜೀಪುಗಳಿಗೆ ಗುಂಡಿ, ಸೂಜಿ, ರಬ್ಬರ್ ಬ್ಯಾಂಡು ಹಂಚಿಹೋದವು. ಫಿರಂಗಿಗಳ ಮೂತಿಯಲ್ಲಿ ಕೀಲಿಕೈಗಳು ನೇತಾಡಿದವು.

ಕೇಳಲು ಸುಲಭ. ಆದರೆ ಆ ಸೋಪಿನ ಗಾಡಿಯ ಕಾಡುಹಸಿರು ಬಣ್ಣ ಎರಡೇ ಸ್ನಾನಕ್ಕೆ ಹಸಿರು ನೊರೆಯಾಗಿ ಹರಿದುಹೋಗುವುದನ್ನು ಜನರಲ್ ಟವೆಲ್ ಸುತ್ತಿಕೊಂಡು ನಿಂತು, ಕಣ್ಣಾರೆ ನೋಡಿದರು. ಅದಕ್ಕೆ ಬಣ್ಣ ಹಚ್ಚಲು ಅವರಿಗೆ ಒಂದು ತಿಂಗಳು ಹಿಡಿದಿತ್ತು.

ಮಗಳು ನರ್ಸು. ಪಾತ್ರೆಪಗಡಿ ಕಟ್ಟಲು ಬಂದವಳು ಬಚ್ಚಲಿಗೆ ಹೋಗಿ ನಗುತ್ತ ಹೊರಬಂದಳು. "ಅಪ್ಪಾ, ಹಲ್ಲುಜ್ಜೋಕ್ಕೂ ಯುದ್ಧ ಘೋಷಣೆ ಮಾಡ್ಬೇಕಾ?"

"ನಗಮ್ಮಾ, ನಗು. ಇಲ್ಲಿ ನಿರಾಶ್ರಿತರ ಶಿಬಿರ ನಡೀತಿದೆ."

ಒಂಬತ್ತನೇ ದಿನಕ್ಕೆ ನಲವತ್ತು ಗಾಡಿಗಳಿಗೆ ಕೆಲಸ ಸಿಕ್ಕಿತು. ಉಳಿದದ್ದು ದೊಡ್ಡ ಟ್ಯಾಂಕು. ಅದು ಸಾಮಾನ್ಯದ್ದಲ್ಲ. ಟ್ಯಾಂಕು ಎತ್ತಿದರೆ ಕೈ ಜಗ್ಗಬೇಕು ಎಂದು ಜನರಲ್ ಅದರ ಹೊಟ್ಟೆಗೆ ಕಬ್ಬಿಣದ ನಟ್ಟುಗಳನ್ನು ತುಂಬಿಸಿದ್ದರು. ಮಾದರಿ ಕಟ್ಟುವವರ ಸಂಘದ ಪ್ರದರ್ಶನದಲ್ಲಿ ಅದಕ್ಕೆ ಎರಡನೇ ಬಹುಮಾನ ಬಂದಿತ್ತು. 'ಚಕ್ರದ ಚೈನಿನ ಸಂದುಗಳಲ್ಲಿ ಕೂತ ಧೂಳಂತೂ ಅಪ್ಪಟ ಮರುಭೂಮಿಯದೇ' ಎಂದು ತೀರ್ಪುಗಾರರು ಬರೆದುಕೊಟ್ಟ ಪತ್ರ ಕಟ್ಟುಹಾಕಿಸಿಕೊಂಡು ಗೋಡೆಯ ಮೇಲಿತ್ತು. ನಿಜ ಹೇಳಬೇಕೆಂದರೆ, ಧೂಳು ಬಳಿದದ್ದು ಜನರಲ್ ಅವರಿಗೆ ನೆನಪೇ ಇರಲಿಲ್ಲ. ಆದರೆ ಸಂಘದ ಹೊಸಬರು ಗುಟ್ಟು ಕೇಳಿದರೆ, ಅವರು ಕಣ್ಣು ಅರೆಮುಚ್ಚಿ, "ಅದು ಹೇಳಿಕೊಡೋದಲ್ಲ, ಕೈಗೇ ಗೊತ್ತಾಗ್ಬೇಕು" ಎನ್ನುತ್ತಿದ್ದರು.

ಅದಕ್ಕೆ ಏನು ಕೆಲಸ ಕೊಡುವುದು? ಬಾಗಿಲಿಗೆ ಅಡ್ಡ ಇಡಲು ಹೋದರು; ಯಾರಾದರೂ ಒದ್ದರೆ ಎಂದು ಮನಸ್ಸು ಒಪ್ಪಲಿಲ್ಲ. ಪುಸ್ತಕಗಳು ಬೀಳದಂತೆ ಒತ್ತಿಡೋಣವೆಂದರೆ ಮನೆಯಲ್ಲಿದ್ದದ್ದು ಟೆಲಿಫೋನ್ ಡೈರೆಕ್ಟರಿ ಒಂದೇ. ಸೋಪಿನ ಗಾಡಿಗೆ ಆದ ಗತಿ ಇದಕ್ಕೆ ಆಗುವುದು ಬೇಡ ಎಂದು ಕೊನೆಗೆ ಕೈಚೆಲ್ಲಿದರು.

ಹತ್ತನೇ ದಿನ ಬೆಳಿಗ್ಗೆ ತಪಾಸಣೆ. ಹೆಂಡತಿ ಗೋಡೆ ಹಿಡಿದುಕೊಂಡು ಒಂದೊಂದನ್ನೇ ನೋಡುತ್ತ ಬಂದರು. ಆಂಬುಲೆನ್ಸಿನ ಬಾಗಿಲು ತೆಗೆದು ಒಂದು ಮಾತ್ರೆಯನ್ನೂ ನುಂಗಿದರು. "ಪರವಾಗಿಲ್ವೇ" ಎಂಬ ಮಾತು ಎರಡು ಸಲ ಬಂತು. ದೊಡ್ಡ ಟ್ಯಾಂಕಿನ ಮುಂದೆ ನಿಂತರು.

"ಇದಕ್ಕೆ?"

"ಇದಕ್ಕೆ ಏನೂ ಸಿಗಲಿಲ್ಲ ಕಣೇ. ಸುಳ್ಳು ಹೇಳಲ್ಲ. ಗುಜರಿಗೆ ಮಾತ್ರ ಬೇಡ, ಸಂಘದವ್ರಿಗೆ ಕೊಟ್ಟುಬಿಡ್ತೀನಿ" ಎಂದರು ಜನರಲ್.

"ಕೊಡ್ತೀರಾ? ನಿಮ್ಮನ್ನ ಯಾರು ಕೇಳಿದ್ರು ಇದನ್ನ?"

ಹೆಂಡತಿ ಟ್ಯಾಂಕನ್ನು ಫಿರಂಗಿಯ ಮೂತಿ ಹಿಡಿದೇ ಎತ್ತಿದರು. ಜನರಲ್ ಅದರ ಕೆಳಗೆ ಎರಡೂ ಕೈ ಒಡ್ಡಿದರು. ಮೇಜಿನ ಮೇಲೆ ಅರ್ಧ ಕತ್ತರಿಸಿದ ಕೋಟಿನ ಬಟ್ಟೆ ಹರಡಿತ್ತು, ಅದರ ಮೇಲೆ ಅಳತೆಯ ಕಾಗದ. ಟ್ಯಾಂಕು ಕಾಗದದ ಮೂಲೆಗೆ ಧಪ್ಪೆಂದು ಕೂತಿತು. ಹೆಂಡತಿ ದರ್ಜಿಯ ಹಳದಿ ಸೀಮೆಸುಣ್ಣ ತೆಗೆದುಕೊಂಡು ಕಾಗದದ ಅಂಚಿಗೆ ಗೆರೆ ಎಳೆದರು. ಎಡಗೈ ಕಣ್ಣಿನ ನೆರವಿಲ್ಲದೆಯೇ ಟ್ಯಾಂಕನ್ನು ಮುಂದಿನ ಮೂಲೆಗೆ ಉರುಳಿಸಿತು. ಗೆರೆಯ ಪುಡಿಯ ಮೇಲೆ ಚೈನು ಹಾದುಹೋಯಿತು.

ಜನರಲ್ ಆ ಎಡಗೈಯನ್ನೇ ನೋಡಿದರು. ಅದಕ್ಕೆ ಇದು ಮೊದಲ ಸಲವಲ್ಲ.

"ಎಷ್ಟು ದಿನದಿಂದ?"

"ಆರು ವರ್ಷ ಆಯ್ತೇನೋ. ನೀವು ಮೀಟರ್ ಓದೋಕೆ, ಈಗೀಗ ಸಂಘಕ್ಕೆ ಹೊರಟ್ಮೇಲೆ ತಗೊಳ್ತಿದ್ದೆ, ಬರೋದ್ರೊಳಗೆ ಇಡ್ತಿದ್ದೆ. ಕಲ್ಲಿಟ್ರೆ ಬಟ್ಟೆ ಕೊಳೆ, ಇಸ್ತ್ರಿ ಪೆಟ್ಟಿಗೆ ದಪ್ಪ. ಇದು ಚೆನ್ನಾಗಿದೆ, ಭಾರ ಇದೆ, ಹಿಡಿಯೋಕೆ ಹಿಡಿ ಬೇರೆ. ಗುಜರಿ ಅಂತ ನಾನು ಹೇಳಿದ್ದು ಮಿಕ್ಕವಕ್ಕೆ ರೀ. ಇದನ್ನ ಅವತ್ತೇ ಕತ್ತರಿ ಜೊತೆ ಎಣಿಸಿದ್ದೆ."

ಫಿರಂಗಿಗೆ ಹಿಡಿ ಎಂದ ಮಾತನ್ನು ಜನರಲ್ ಕಷ್ಟಪಟ್ಟು ನುಂಗಿಕೊಂಡರು. ಬಗ್ಗಿ ಚೈನಿನ ಸಂದಿಗೆ ಬೆರಳಿಟ್ಟರು. ಬೆರಳ ತುದಿಗೆ ಮಾಸಲು ಹಳದಿ ಪುಡಿ ಹತ್ತಿತು. ಗೋಡೆಯ ಮೇಲಿನ ಪತ್ರ ನೋಡಿದರು. ಮತ್ತೆ ಬೆರಳು ನೋಡಿಕೊಂಡರು.

ಬಾಗಿಲಲ್ಲಿದ್ದ ಮಗಳಿಗೆ ಅರ್ಥವಾಗಿಹೋಯಿತು. "ಅಮ್ಮಾ, ನಿನಗೂ ಬಹುಮಾನ ಬಂದಿದೆ ಕಣೆ. ಅಪ್ಪ ಇಸ್ಕೊಂಡಿದಾರೆ ಅಷ್ಟೇ" ಎಂದವಳು ನಗು ತಡೆಯಲಾರದೆ ಅಲ್ಲೇ ಕುಸಿದು ಕೂತಳು.

ಹೊಸ ಮನೆಯಲ್ಲಿ ಗಾಡಿಗಳೆಲ್ಲ ನಿಯತ್ತಾಗಿ ದುಡಿಯುತ್ತಿವೆ. ಆ ಪತ್ರ ಈಗ ಹೊಲಿಗೆ ಮೇಜಿನ ಮೇಲ್ಗಡೆಯ ಗೋಡೆಯಲ್ಲಿದೆ. ಅಲ್ಲಿ ಮೊಳೆ ಹೊಡೆದದ್ದು ಜನರಲ್ ಅವರೇ. ಸಂಘದ ಹೊಸಬರಿಗೆ ಅವರು ಗುಟ್ಟನ್ನು ಇನ್ನೂ ಹೇಳಿಲ್ಲ. ಅಷ್ಟು ದೊಡ್ಡ ಮನಸ್ಸು ಒಂದೇ ಸಲಕ್ಕೆ ಬರುವುದಿಲ್ಲ.

ಮೊನ್ನೆ ಮುಂದಿನ ಪ್ರದರ್ಶನದ ಕಾಗದ ಬಂತು. ಜನರಲ್ ರಿಮೋಟನ್ನು ಕೆಳಗಿಳಿಸಿ, ಟ್ರೇಲರನ್ನು ಎರಡೂ ಕೈಯಲ್ಲಿ ಹಿಡಿದು, ಮೇಜಿನ ಹತ್ತಿರ ಬಂದು ನಿಂತರು.

"ಏನ್ರೀ?"

"ಇದಕ್ಕೂ ಒಂದು ನಾಲ್ಕು ದಿನ ನಿನ್ನತ್ರ ಕೆಲಸ ಇರುತ್ತಾ ಅಂತ."

ಹೆಂಡತಿ ತಲೆ ಎತ್ತಲಿಲ್ಲ. "ಅಲ್ಲಿಡಿ. ಉದ್ದ ಇದೆ, ಪ್ಯಾಂಟು ಬಂದಾಗ ನೋಡೋಣ."